ಆಟೊಮ್ಯಾಟಿಕ್ ಕಾರಿದೆಯಾ? ಜಾಮ್‌ನಲ್ಲಿ ಬ್ರೇಕಿನಿಂದ ಓಡಿಸಿ

ಕ್ಲಚ್ ಇಲ್ಲ, ಗೇರ್ ಹಾಕುವ ರಗಳೆ ಇಲ್ಲ, ಸುಮ್ನೆ ಕೂತು ಓಡಿಸಿದರಾಯಿತು ಎಂದುಕೊಂಡೇ ಜಾಸ್ತಿ ಜನ ಆಟೊಮ್ಯಾಟಿಕ್ ಕಾರು ತೆಗೆದುಕೊಳ್ಳುತ್ತಾರೆ. ತಪ್ಪೇನಿಲ್ಲ. ಸಂಜೆ ಆರೂವರೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲೋ ಟಿನ್ ಫ್ಯಾಕ್ಟರಿ ಹತ್ತಿರವೋ ಸಿಕ್ಕಿಹಾಕಿಕೊಂಡವರಿಗೆ ಕ್ಲಚ್ ಒತ್ತಿ ಒತ್ತಿ ಎಡಗಾಲು ಹೇಗೆ ನೋಯುತ್ತೆ ಅಂತ ಗೊತ್ತು. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ಜಾಮ್‌ನಲ್ಲಿ ಈ ಕಾರನ್ನು ಓಡಿಸುವುದು ಬ್ರೇಕಿನಿಂದ, ಆಕ್ಸಿಲರೇಟರಿನಿಂದ ಅಲ್ಲ.

ಮೊದಲು ಎಡಗಾಲಿಗೆ ರಜೆ ಕೊಡಿ. ಪೆಡಲ್‌ಗಳ ಎಡಕ್ಕೆ ಕಾಲಿಡಲು ಜಾಗ ಇರುತ್ತದೆ, ಅದು ಅಲ್ಲೇ ಇರಲಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ. ನಮ್ಮ ಅಪ್ಪ ಮೂವತ್ತು ವರ್ಷ ಮ್ಯಾನುಯಲ್ ಗಾಡಿ ಓಡಿಸಿದವರು. ಹೊಸ ಕಾರಿನ ಮೊದಲ ದಿನ ಲೇಔಟ್ ರಸ್ತೆಯಲ್ಲಿ ಹಂಪ್ ಬಂದ ತಕ್ಷಣ ಅವರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕ್ ಪೆಡಲ್ ಮೇಲೆ ಪೂರ್ತಿ ಬಿತ್ತು. ಕಾರು ನಿಂತ ಜಾಗದಲ್ಲೇ ನಿಂತಿತು, ಸೀಟ್ ಬೆಲ್ಟ್ ಇಬ್ಬರ ಎದೆಯನ್ನೂ ಹಿಡಿದೆಳೆಯಿತು. ಹಿಂದೆ ಬೈಕ್ ಇರಲಿಲ್ಲ, ಪುಣ್ಯ. ಒಂದು ವಾರ ಖಾಲಿ ಮೈದಾನದಲ್ಲಿ ಓಡಿಸಿ ಆಮೇಲೆ ಮುಖ್ಯರಸ್ತೆಗೆ ಬನ್ನಿ.

ನಿಮ್ಮ ಕಾರಿನ ಆಟೊಮ್ಯಾಟಿಕ್ ಯಾವ ಬಗೆಯದ್ದು ಎಂದು ಕೇಳಿ ತಿಳಿದುಕೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಆಟೊಮ್ಯಾಟಿಕ್ ಎಂದರೆ ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್). ಅದರ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸ ನಿಮ್ಮ ಕಾಲಿನ ಬದಲು ಯಂತ್ರ ಮಾಡುತ್ತದೆ, ಅಷ್ಟೆ. ಪೆಡಲ್ ಇಲ್ಲ, ಆದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸಿ ಬಿಡಿಸುವ ಕ್ಲಚ್ ಇದೆ. ಡಿಸಿಟಿಯಲ್ಲಿ (ಡ್ಯುಯಲ್ ಕ್ಲಚ್ ಟ್ರಾನ್ಸ್‌ಮಿಷನ್) ಒಂದಲ್ಲ, ಎರಡು ಕ್ಲಚ್. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಂಜಿನ್ ಬಲ ಎಣ್ಣೆಯ ಮೂಲಕ ಸಾಗುವುದರಿಂದ ಅದು ನಿಂತು ನಿಂತು ಹೋಗುವುದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಎಎಂಟಿ, ಡಿಸಿಟಿ ಇದ್ದವರಂತೂ ಮುಂದಿನದನ್ನು ಗಮನವಿಟ್ಟು ಓದಿ.

ಗೇರ್ ಲಿವರನ್ನು ಡಿ (ಡ್ರೈವ್) ಯಲ್ಲಿಟ್ಟು ಬ್ರೇಕಿನಿಂದ ಮೆಲ್ಲಗೆ ಕಾಲು ತೆಗೆದರೆ ಸಮತಟ್ಟು ರಸ್ತೆಯಲ್ಲಿ ಹೆಚ್ಚಿನ ಕಾರುಗಳು ತಾವಾಗಿಯೇ ನಡಿಗೆಯ ವೇಗದಲ್ಲಿ ಮುಂದೆ ತೆವಳುತ್ತವೆ. ಜಾಮ್‌ನಲ್ಲಿ ನಿಮಗೆ ಬೇಕಾದ ವೇಗವೇ ಅದು. ಕಾಲು ಬ್ರೇಕಿನ ಮೇಲೇ ಇರಲಿ, ಸ್ವಲ್ಪ ಬಿಡಿ, ಸ್ವಲ್ಪ ಒತ್ತಿ. ನಿಲ್ಲಬೇಕಾದಾಗ ಮಾತ್ರ ಪೂರ್ತಿ ಒತ್ತಿ. ಬ್ರೇಕ್ ಅರ್ಧವೇ ಒತ್ತಿಕೊಂಡು ನಿಂತರೆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತದೆ, ಅದು ಸವೆಯುವುದೇ ಹೀಗೆ.

ಇನ್ನೊಂದು, ಮುಂದಿನ ಗಾಡಿ ಒಂದಡಿ ಸರಿದರೆ ನೀವೂ ಒಂದಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೋಗಿ. ನಡುವೆ ಆಟೊ ನುಗ್ಗುತ್ತೆ, ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೆಯಲಿ ಬಿಡಿ, ಕ್ಲಚ್ ಬದಲಿಸುವ ದುಡ್ಡು ಅವರೇನೂ ಕೊಡಲ್ಲ ಅಲ್ವಾ. ನಿಂತಾಗಲೂ ಮುಂದಿನ ಕಾರಿನ ಹಿಂದಿನ ಚಕ್ರ ನೆಲಕ್ಕೆ ತಾಗುವ ಜಾಗ ನಿಮ್ಮ ಸೀಟಿನಿಂದ ಕಾಣುವಷ್ಟು ಅಂತರ ಇಟ್ಟುಕೊಳ್ಳಿ.

ಜಾಸ್ತಿ ಜನ ಎಡವುವುದು ಏರಿನಲ್ಲಿ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಸಾಲು ನಿಂತಿರುತ್ತದೆ, ಕಾರು ಹಿಂದೆ ಜಾರದಿರಲಿ ಎಂದು ಕೆಲವರು ಆಕ್ಸಿಲರೇಟರನ್ನೇ ಹಿತವಾಗಿ ಒತ್ತಿ ಕಾರನ್ನು ತೂಗಿಸಿಕೊಂಡಿರುತ್ತಾರೆ. ಎರಡು ನಿಮಿಷಕ್ಕೆ ಕಿಟಕಿಯಿಂದ ಸುಟ್ಟ ವಾಸನೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ರೇಕ್ ಒತ್ತಿ ನಿಲ್ಲಿ. ಹೊರಡುವಾಗ ಹ್ಯಾಂಡ್ ಬ್ರೇಕ್ ಎಳೆದುಕೊಂಡು ಬಲಗಾಲನ್ನು ಆಕ್ಸಿಲರೇಟರಿಗೆ ತನ್ನಿ, ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಕೂಡಲೇ ಹ್ಯಾಂಡ್ ಬ್ರೇಕ್ ಇಳಿಸಿ. ಏರಿನಲ್ಲಿ ಕಾರು ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಸೌಲಭ್ಯ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಅದು ಎರಡು ಮೂರು ಸೆಕೆಂಡ್ ಹಿಡಿದಿರುತ್ತದೆ, ಅಷ್ಟರೊಳಗೆ ಹೊರಡಬೇಕು.

ಸಿಗ್ನಲ್‌ನಲ್ಲಿ ಡಿ ಯಲ್ಲಿರಬೇಕಾ, ಎನ್‌ಗೆ (ನ್ಯೂಟ್ರಲ್) ಹಾಕಬೇಕಾ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕ ಸರಳ. ಅರ್ಧ ನಿಮಿಷದೊಳಗೆ ಹೊರಡುವುದಾದರೆ ಡಿ, ಬ್ರೇಕ್ ಪೂರ್ತಿ ಒತ್ತಿ. ಅದಕ್ಕಿಂತ ಜಾಸ್ತಿಯಾದರೆ ಎನ್, ಜೊತೆಗೆ ಹ್ಯಾಂಡ್ ಬ್ರೇಕ್. ಹಸಿರು ಬಂತೆಂದು ಆಕ್ಸಿಲರೇಟರ್ ಒತ್ತಿಕೊಂಡೇ ಡಿ ಗೆ ಎಳೆಯಬೇಡಿ, ಕಾರು ಹಾರಿಬಿಡುತ್ತದೆ. ಬ್ರೇಕ್ ಒತ್ತಿ, ಡಿ ಹಾಕಿ, ಗೇರ್ ಕೂರುವವರೆಗೆ ಒಂದು ಕ್ಷಣ ತಾಳಿ, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ ಹೊರಡಿ. ಹಿಂದೆ ಹೋಗಲು ಆರ್ ಹಾಕುವಾಗಲೂ ಅಷ್ಟೆ, ಚಕ್ರ ಪೂರ್ತಿ ನಿಂತಿರಲೇಬೇಕು.

ಪೆಟ್ರೋಲ್ ಉಳಿಯುತ್ತೆ ಎಂದು ಫ್ಲೈಓವರ್ ಇಳಿಯುವಾಗ ಎನ್‌ಗೆ ಹಾಕುವುದು ಬೇಡವೇ ಬೇಡ. ಎಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ನಂದಿಬೆಟ್ಟ ಇಳಿಯುವಾಗ ಎಲ್ (ಲೋ) ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್‌ನಲ್ಲಿ ಬನ್ನಿ.

ಕೊನೆಗೆ ಮನೆ ಮುಟ್ಟಿ ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಲ್ಲಿಸುವಾಗ ಕ್ರಮ ಹೀಗಿರಲಿ: ಬ್ರೇಕ್ ಒತ್ತಿ ನಿಲ್ಲಿಸಿ, ಎನ್‌ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾಲಿನ ಬ್ರೇಕ್ ನಿಧಾನ ಸಡಿಲಿಸಿ ಕಾರಿನ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂರಲಿ, ಮತ್ತೆ ಬ್ರೇಕ್ ಒತ್ತಿ ಪಿ (ಪಾರ್ಕ್) ಹಾಕಿ. ಹೆಚ್ಚಿನ ಎಎಂಟಿ ಕಾರುಗಳಲ್ಲಿ ಪಿ ಇರುವುದಿಲ್ಲ, ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಗೇರ್‌ನಲ್ಲೇ ಎಂಜಿನ್ ಆಫ್ ಮಾಡಬೇಕು. ಬೆಳಿಗ್ಗೆ ಪಿ ಯಿಂದ ಲಿವರ್ ತೆಗೆಯುವಾಗ ‘ಟಕ್’ ಎಂದು ಜೋರಾಗಿ ಸದ್ದು ಬಂದರೆ, ರಾತ್ರಿಯಿಡೀ ಕಾರಿನ ಭಾರ ಗೇರ್‌ಬಾಕ್ಸ್ ಒಳಗಿನ ಸಣ್ಣ ಕೊಕ್ಕೆಯೊಂದರ ಮೇಲೆ ನಿಂತಿತ್ತು ಎಂದೇ ಅರ್ಥ.