ಟೀ ಶರ್ಟ್ ಕೊಳ್ಳುವಾಗ ಮೊದಲು ಕುತ್ತಿಗೆ ನೋಡಿ

ದುಂಡು ಕುತ್ತಿಗೆಯ ಸಾದಾ ಹತ್ತಿ ಟೀ ಶರ್ಟು ಮೂಲೆಗೆ ಸೇರುವುದು ಹೆಚ್ಚಾಗಿ ಹರಿದು ಅಲ್ಲ, ಕುತ್ತಿಗೆ ಜೋತುಬಿದ್ದು. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಟೇಬಲ್ ನನ್ನ ಕೆಲಸ. ಪೀಸ್ ಕೈಗೆ ಬಂದರೆ ಬೆರಳು ತಾನಾಗೇ ಕುತ್ತಿಗೆಗೆ ಹೋಗುತ್ತದೆ. ಅಂಗಡಿಯಲ್ಲಿ ನೀವೂ ಅಲ್ಲಿಂದಲೇ ಶುರು ಮಾಡಿ.

ಕುತ್ತಿಗೆಯ ರಿಬ್ ಪಟ್ಟಿಯನ್ನು, ಅಂದರೆ ಗೆರೆ ಗೆರೆಯಾಗಿ ಹೆಣೆದ ಹಿಗ್ಗುವ ಪಟ್ಟಿಯನ್ನು, ಎರಡೂ ಕೈಯಿಂದ ಎಳೆದು ಬಿಡಿ. ತಕ್ಷಣ ಮೊದಲಿನ ಅಳತೆಗೆ ಬರಬೇಕು. ಅಲೆ ಅಲೆಯಾಗಿ ನಿಂತರೆ ವಾಪಸ್ ಇಟ್ಟುಬಿಡಿ. ರಿಬ್‌ನಲ್ಲಿ ಚೂರು ಲೈಕ್ರಾ (ಎಳೆದರೆ ಹಿಗ್ಗುವ ನೂಲು) ಇದ್ದರೆ ಒಳ್ಳೆಯದೇ. ಪೂರ್ತಿ ಹತ್ತಿಯೇ ಬೇಕು ಅನ್ನುವ ಹಟ ಮೈ ಬಟ್ಟೆಗೆ ಸಾಕು. ಆಮೇಲೆ ಶರ್ಟನ್ನು ಒಳಮಗ್ಗುಲು ಮಾಡಿ. ಹಿಂದೆ ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಟೇಪ್ ಹೊಲಿದಿರಬೇಕು. ಭುಜ ಹಿಗ್ಗದಂತೆ ಹಿಡಿಯುವುದು ಅದೇ. ಬರೀ ಓವರ್‌ಲಾಕ್, ಅಂದರೆ ಅಂಚು ಬಿಚ್ಚದಂತೆ ಸುತ್ತುವ ಹೊಲಿಗೆ, ಕಂಡರೆ ಜಾಸ್ತಿ ದುಡ್ಡು ಕೊಡಬೇಡಿ.

ತೂಕಕ್ಕೆ ಜಿಎಸ್‌ಎಂ ನೋಡಿ. ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ನಮ್ಮ ಬಿಸಿಲಿಗೆ 160ರಿಂದ 180 ಹಿತ. 220 ದಾಟಿದರೆ ಶರ್ಟು ಮೈಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಮೇ ತಿಂಗಳಲ್ಲಿ ಬಸ್ಸಿನಲ್ಲಿ ನಿಂತರೆ ಗೊತ್ತಾಗುತ್ತದೆ! ಬಿಳಿ ಶರ್ಟಾದರೆ ಒಳಗೆ ಕೈ ಇಟ್ಟು ನೋಡಿ, ಚರ್ಮದ ಬಣ್ಣ ಕಂಡರೆ ಬಟ್ಟೆ ತೆಳು. ಲೇಬಲ್ ಮೇಲೆ ಕೋಂಬ್ಡ್ ಅಂತ ಇದ್ದರೆ ಗಿಡ್ಡ ಎಳೆಗಳನ್ನು ಬಾಚಿ ತೆಗೆದ ನೂಲು ಅಂತ ಅರ್ಥ. ಅದರಲ್ಲಿ ಜುಂಗು ಏಳುವುದು ಕಡಿಮೆ. ಉದ್ದ ಎಳೆಯ ಹತ್ತಿಗೆ ದೂರ ಹೋಗಬೇಕಿಲ್ಲ, ಡಿಸಿಎಚ್-32 ಧಾರವಾಡದಲ್ಲೇ ಹುಟ್ಟಿದ ತಳಿ.

ಭುಜ ಹಿಡಿದು ಎತ್ತಿ. ಪಕ್ಕದ ಹೊಲಿಗೆ ನೇರ ಇಳಿಯಬೇಕು. ಈಗಲೇ ಹೊಟ್ಟೆ ಕಡೆ ತಿರುಗಿದ್ದರೆ ನಾಲ್ಕು ಒಗೆತಕ್ಕೆ ಇನ್ನೂ ತಿರುಗುತ್ತದೆ, ನೂಲಿನ ಹುರಿ ಬಟ್ಟೆಯನ್ನು ಎಳೆಯುತ್ತಿರುತ್ತದೆ. ಹಳೇ ಕಾಲದ ಶೈಲಿಯ ಶರ್ಟುಗಳಲ್ಲಿ ಪಕ್ಕದ ಹೊಲಿಗೆಯೇ ಇರುವುದಿಲ್ಲ, ಕೊಳವೆಯಾಗಿಯೇ ಹೆಣೆಯುತ್ತಾರೆ. ಜಪಾನಿನ ವಾಕಯಾಮಾದಲ್ಲಿ ಈಗಲೂ ಹೀಗೆ ಹೆಣೆಯುವ ಹಳೇ ಲೂಪ್‌ವೀಲ್ ಮಷೀನುಗಳಿವೆ. ಗಂಟೆಗೆ ಸುಮಾರು ಒಂದು ಮೀಟರ್ ಬಟ್ಟೆ ಅಷ್ಟೇ ಬರುವುದು. ಆ ಶರ್ಟುಗಳ ಬೆಲೆ ಸುಮ್ನೆ ಏರಿದ್ದಲ್ಲ. ಹಾಗಂತ ಹೊಲಿಗೆ ಇಲ್ಲದ್ದೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ಪ್ರಚಾರಕ್ಕೆ ಪುಕ್ಕಟೆ ಹಂಚುವ ಶರ್ಟುಗಳೂ ಎಷ್ಟೋ ಸಲ ಹಾಗೇ ಇರುತ್ತವೆ.

ಎಂ, ಎಲ್ ನಂಬಬೇಡಿ. ಸರಿಯಾಗಿ ಕೂರುವ ಹಳೇ ಶರ್ಟನ್ನು ಹಾಸಿ, ಕಂಕುಳಿಂದ ಕಂಕುಳಿಗೆ ಮತ್ತು ಉದ್ದ ಅಳೆದು, ಅದನ್ನೇ ಸೈಜ್ ಚಾರ್ಟಿಗೆ ಹೋಲಿಸಿ. ಪ್ರೀ-ಶ್ರಂಕ್ (ಮೊದಲೇ ಕುಗ್ಗಿಸಿದ ಬಟ್ಟೆ) ಅಲ್ಲದಿದ್ದರೆ ಸ್ವಲ್ಪ ದೊಡ್ಡದೇ ತಗೊಳ್ಳಿ. ಶೇಕಡಾ 5 ಕುಗ್ಗಿದರೂ 70 ಸೆಂಟಿಮೀಟರ್ ಉದ್ದದಲ್ಲಿ ಮೂರೂವರೆ ಸೆಂಟಿಮೀಟರ್ ಹೋಯಿತು, ಅಲ್ವಾ?

ಒಗೆಯುವುದು ತಣ್ಣೀರಲ್ಲಿ, ಒಳಮಗ್ಗುಲು ಮಾಡಿ. ಕುತ್ತಿಗೆಗೆ ಬ್ರಷ್ ಹಾಕಿ ಉಜ್ಜಬೇಡಿ, ಸೋಪು ಹಚ್ಚಿ ಅಂಗೈಯಲ್ಲೇ ತಿಕ್ಕಿ. ಹಿಂಡುವಾಗ ತಿರುಚದೆ ಒತ್ತಿ ನೀರು ಬಸಿಯಿರಿ. ಒದ್ದೆ ಶರ್ಟನ್ನು ಹ್ಯಾಂಗರಿಗೆ ಹಾಕಿದರೆ ನೀರಿನ ಭಾರಕ್ಕೆ ಕುತ್ತಿಗೆ ಇಳಿದು ಭುಜದಲ್ಲಿ ಉಬ್ಬು ಏಳುತ್ತದೆ. ತಂತಿ ಮೇಲೆ ನಡುವಿಗೆ ಮಡಚಿ, ನೆರಳಲ್ಲಿ ಹಾಕಿ. ಬಿಳಿ ಶರ್ಟಿನ ಕಂಕುಳಲ್ಲಿ ಹಳದಿ ಕಲೆ ಕೂತರೆ ಬ್ಲೀಚ್ ಬೇಡ, ಇನ್ನೂ ಹಳದಿಯಾಗಬಹುದು. ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಗೆಯಿರಿ.