ಲೀಟರಿಗೆ 24 ಎಂದ ಗಾಡಿ 13 ಕೊಡುವುದೇಕೆ: ಗಂಟೆ ಲೆಕ್ಕ ಹಿಡಿದು ನೋಡಿದ ನನ್ನ ಅನುಭವ

ಗಾಡಿಯ ಮೈಲೇಜ್ ಲೆಕ್ಕಕ್ಕೆ ಕಿಲೋಮೀಟರ್ ಜೊತೆಗೆ ಎಂಜಿನ್ ಚಾಲೂ ಇದ್ದ ಗಂಟೆಯನ್ನೂ ಬರೆದಿಡಬೇಕು ಎಂದಾಗ ಯಾರೂ ಒಪ್ಪಲಿಲ್ಲ. ಹನ್ನೊಂದು ಟ್ಯಾಂಕ್ ಮುಗಿದ ಮೇಲೆ ಲೆಕ್ಕ ಕೂಡಿಬಂತು. ಈಗ ಇಡೀ ಟ್ಯಾಂಕಿಗೆ ಮೊದಲೇ ಅಂದಾಜು ಹೇಳಿದರೂ ಒಂದು ಲೀಟರ್‌ಗಿಂತ ಹೆಚ್ಚು ತಪ್ಪುವುದಿಲ್ಲ.

ಗಾಡಿ ಒಂದು ಲೀಟರ್ ಎಂಜಿನ್ನಿನ ಮ್ಯಾನ್ಯುವಲ್ ಹ್ಯಾಚ್‌ಬ್ಯಾಕ್. ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಕೊಟ್ಟ ಮೈಲೇಜ್ ಅಂಕಿ ಲೀಟರಿಗೆ 24 ಕಿ.ಮೀ. ಆಸುಪಾಸು. ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎಸಿ ಆಫ್, ಸುಮಾರು 20 ನಿಮಿಷ, ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಹತ್ತಿರ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಸಂಜೆ ಹೊತ್ತು ನನಗೆ ಸಿಗುವ ಸರಾಸರಿ ವೇಗ 16.

ಎರಡು ಟ್ಯಾಂಕ್ ತೆಗೆದುಕೊಳ್ಳಿ. ಊರೊಳಗೆ 340 ಕಿ.ಮೀ., 21 ಗಂಟೆ, 26 ಲೀಟರ್. ಹೆದ್ದಾರಿಯಲ್ಲಿ 500 ಕಿ.ಮೀ., 10 ಗಂಟೆ, 25 ಲೀಟರ್. ಓಡಿದ ಕಿಲೋಮೀಟರಿಗೆ ಇಷ್ಟು, ಎಂಜಿನ್ ಚಾಲೂ ಇದ್ದ ಗಂಟೆಗೆ ಇಷ್ಟು ಪೆಟ್ರೋಲ್ ಎಂದಿಟ್ಟುಕೊಂಡು ಎರಡು ಸಮೀಕರಣ ಬಿಡಿಸಿದರೆ ಕಿಲೋಮೀಟರಿಗೆ ಸುಮಾರು 37 ಮಿ.ಲೀ., ಗಂಟೆಗೆ 630 ಮಿ.ಲೀ. ಲೀಟರಿಗೆ 103 ರೂಪಾಯಿ ಹಿಡಿದರೆ ಗಂಟೆಯ ಬಾಬತ್ತಿಗೇ 65 ರೂಪಾಯಿ. ಪರೀಕ್ಷೆಯ ಸರಾಸರಿ ವೇಗವನ್ನೇ ಹಾಕಿದರೂ ನನ್ನ ಗಾಡಿಗೆ ಲೀಟರಿಗೆ 17.5 ಬರುತ್ತದೆ. ಉಳಿದ ವ್ಯತ್ಯಾಸಕ್ಕೆ ಎಸಿ, ಸಾಮಾನಿನ ತೂಕ, ಇ20 (20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್) ಎಲ್ಲವೂ ಕಾರಣ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ.

ದುಡ್ಡು ಹೋದದ್ದು ಮೊದಲ ನಾಲ್ಕು ತಿಂಗಳಲ್ಲಿ. ಅಳತೆ ಸರಿಯಾಗಿ ಸಿಗಲಿ ಎಂದು ನಾಝಲ್ ಕಟ್ ಆದ ಮೇಲೂ ಕತ್ತಿನವರೆಗೆ ತುಂಬಿಸಿದ್ದರಿಂದ ಪೆಟ್ರೋಲ್, ಟ್ಯಾಂಕಿನ ಆವಿ ಹಿಡಿಯುವ ಚಾರ್ಕೋಲ್ ಕ್ಯಾನಿಸ್ಟರಿಗೆ ಹೋಯಿತು. ತುಂಬಿಸಿದ ಮೇಲೆ ಸ್ಟಾರ್ಟಿಂಗ್ ಕಷ್ಟ, ಬಾನೆಟ್ ಎತ್ತಿದರೆ ವಾಸನೆ, ಕೊನೆಗೆ ಕ್ಯಾನಿಸ್ಟರೇ ಬದಲು. ಮೊದಲ ಕಟ್ ಆಫ್‌ಗೇ ನಿಲ್ಲಿಸಿ. ಅದೇ ಬಂಕ್, ಅದೇ ಪಂಪ್, ಗಾಡಿ ಅದೇ ದಿಕ್ಕಿಗೆ. ಒಂದು ಟ್ಯಾಂಕಿನಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆ ಬಂದರೂ ಹತ್ತು ಟ್ಯಾಂಕಿನಲ್ಲಿ ಸರಿಹೋಗುತ್ತದೆ.

ಗಾಡಿಯ ಕಂಪ್ಯೂಟರಿನ ಮಾಹಿತಿಯನ್ನು ಫೋನಿನ ಆ್ಯಪ್‌ಗೆ ಕಳಿಸುವ 700 ರೂಪಾಯಿಯ ಒಬಿಡಿ ಡಾಂಗಲ್ ತೋರಿಸಿದ ಲೀಟರ್ 15–20 ಪರ್ಸೆಂಟ್ ತಪ್ಪಿತ್ತು. ನನ್ನ ಗಾಡಿಗೆ ಗಾಳಿ ಅಳೆಯುವ ಮಾಫ್ ಸೆನ್ಸರ್ ಇಲ್ಲ. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಮ್ಯಾಪ್ ಸೆನ್ಸರ್ ಅಳೆದ ಒತ್ತಡ ಹಿಡಿದು ಆ್ಯಪ್ ಗಾಳಿಯನ್ನು ಊಹಿಸುತ್ತದೆ. ಆದರೆ ಎಂಜಿನ್ ಓಡಿದ ಸಮಯವನ್ನು ಮಾತ್ರ ಸರಿಯಾಗಿ ಕೊಡುತ್ತದೆ, ನನಗೆ ಬೇಕಿದ್ದದ್ದೂ ಅಷ್ಟೇ.

ಹಲವರು ಮಾಡುವ ಇನ್ನೊಂದು ತಪ್ಪು: ಲೀಟರಿಗೆ 10 ಬಂದ 100 ಕಿ.ಮೀ., 20 ಬಂದ 100 ಕಿ.ಮೀ. ಸೇರಿಸಿ ಸರಾಸರಿ 15 ಎನ್ನುವುದು. ಸುಟ್ಟದ್ದು 15 ಲೀಟರ್, ಓಡಿದ್ದು 200, ಸಿಕ್ಕದ್ದು 13.3. ಮೈಸೂರಿಗೆ ಹೋಗುವ ಒಂದೇ ದಾರಿಯ ಅಂಕಿಯನ್ನೂ ನಂಬಬೇಡಿ. ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ, ವಾಪಸು ಬಂದ ಮೇಲೇ ಲೆಕ್ಕ.

ನಡುವೆ ಟೈರಿಗೆ 3 ಪಿಎಸ್ಐ ಹೆಚ್ಚು ಹಾಕಿ ನೋಡಿದೆ, ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಹೆಬ್ಬಾಳ ಫ್ಲೈಓವರ್ ಇಳಿಯುವಾಗ ನ್ಯೂಟ್ರಲ್ ಮಾಡುವುದು ಬರೀ ನಷ್ಟ: ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಪೂರ್ತಿ ಮುಚ್ಚುತ್ತದೆ, ನ್ಯೂಟ್ರಲ್ಲಿನಲ್ಲಿ ಐಡ್ಲಿಂಗ್ ಪೆಟ್ರೋಲ್ ಹೋಗುತ್ತಲೇ ಇರುತ್ತದೆ.

ಎಸಿ ಹಾಕದ ಟ್ಯಾಂಕ್ ಇನ್ನೂ ಎರಡೇ ಆಗಿವೆ. ಅವುಗಳಲ್ಲಿ ಗಂಟೆಯ ಪಾಲು 450 ಮಿ.ಲೀ. ಹತ್ತಿರ ಬರುತ್ತಿದೆ.