ಯೂರಿಯಾ ಚೀಲದ ಮೇಲೆ ಕೂತು ಇಂಗ್ಲಿಷ್ ಕಲಿತ ನಮ್ಮೂರ ಮಕ್ಕಳು

"ಹತ್ತಿ ಬಿಡಸ್ಲಾಕ ಇಂಗ್ಲಿಷ್ ಯಾಕ ಬೇಕೋ ತಮ್ಮಾ?" ಅಂತ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದ್ದರು. ಶಹಾಪುರ ತಾಲ್ಲೂಕಿನ ನಮ್ಮೂರಲ್ಲಿ ನಾವು ನಾಲ್ವರು ಗೆಳೆಯರು ಸಂಜೆ ಕ್ಲಾಸ್ ಶುರು ಮಾಡಿದ ವಾರ ಅದು. ಈಗ ಅವರ ಮೊಮ್ಮಗಳೇ ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಸುಮಾರು 12 ಸಾವಿರ ನೀರಲ್ಲಿ ಹೋಮ. ಗ್ರಾಮರ್ ಪುಸ್ತಕ, ಸ್ಪೀಕರ್, ಗೋಡೆ ತುಂಬ ಚಾರ್ಟು. ಟೆನ್ಸ್‌ನಿಂದ ಶುರು ಮಾಡಿದ್ದು ದೊಡ್ಡ ತಪ್ಪು. 40 ಮಕ್ಕಳು ಬಂದಿದ್ದರು, ದೀಪಾವಳಿ ಹೊತ್ತಿಗೆ ಒಂಬತ್ತೋ ಹತ್ತೋ ಉಳಿದರು. ಹತ್ತಿ ಬಿಡಿಸುವ ಸೀಸನ್ ಬೇರೆ. ಆಮೇಲೆ ಕನ್ನಡ ಮಾತಾಡಿದರೆ 1 ರೂಪಾಯಿ ದಂಡ ಅಂದೆವು. ಮಕ್ಕಳು ಬಾಯಿ ಬಿಡೋದನ್ನೇ ನಿಲ್ಲಿಸಿದರು. ಎರಡೇ ವಾರಕ್ಕೆ ಕೈಬಿಟ್ಟೆವು. ದಯವಿಟ್ಟು ಈ ದಂಡ ಮಾತ್ರ ಯಾರೂ ಹಾಕಬೇಡಿ.

ದಾರಿ ಸಿಕ್ಕಿದ್ದು ಯೂರಿಯಾ ಚೀಲದಲ್ಲಿ. ಕೂರಲು ಖಾಲಿ ಚೀಲ ಹಾಸಿದ್ದೆವು. ಏಳನೇ ತರಗತಿಯ ಹುಡುಗನೊಬ್ಬ ತನ್ನ ಕಾಲ ಕೆಳಗಿನ ಅಕ್ಷರ ಕೂಡಿಸಿಕೊಂಡು ಓದಿದ: "ಯೂಸ್ ನೋ ಹುಕ್ಸ್." ಆಮೇಲೆ ತಲೆ ಎತ್ತಿ, "ಅಣ್ಣಾ, ಹುಕ್ ಅಂದ್ರ ಹಮಾಲರು ಚೀಲಕ್ಕ ಹಾಕೋ ಕೊಕ್ಕಿ ಏನ್ರಿ?" ಅಂದ. ಅವತ್ತಿನ ಒಂದು ತಾಸು ಆ ಚೀಲದ ಮೇಲೇ ಹೋಯಿತು. ನೆಟ್ 45 ಕೆ.ಜಿ., ನೀಮ್ ಕೋಟೆಡ್, ಎಲ್ಲ ಓದಿದೆವು. ಮರುದಿನ ಮಕ್ಕಳೇ ಬೀಜದ ಪಾಕೀಟು, ಬಿಸ್ಕತ್ತಿನ ಕವರು ತಂದರು. ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ಮಾತ್ರ ಮುಟ್ಟಬೇಡಿ ಅಂತ ಗಟ್ಟಿಯಾಗಿ ಹೇಳಿದೆ.

ಓದು ಬಂತು, ಮಾತು ಬರಲಿಲ್ಲ. ನಮ್ಮ ಮಾತಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಅಲ್ವಾ? ಮೂರು ಮಕ್ಕಳ ಕೈಗೆ ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿದೆ: ನಾನು, ರೊಟ್ಟಿ, ತಿಂದೆ. 'ತಿಂದೆ' ಹಿಡಿದ ಹುಡುಗಿ ಓಡಿ ಬಂದು ನಡುವೆ ನಿಲ್ಲಬೇಕು. ಆಗ ಮೂವರೂ ಚೀಟಿ ತಿರುಗಿಸಬೇಕು: ಐ, ಏಟ್, ರೊಟ್ಟಿ. ಆ ಓಟ ಮಕ್ಕಳ ಕಾಲಲ್ಲಿ ಕೂತುಬಿಟ್ಟಿತು. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಸೇರಿ 300 ರೂಪಾಯಿ ಆಗಿರಬೇಕು, ಅಷ್ಟೇ. ಪ್ರಶ್ನೆ ಕೇಳೋದಕ್ಕೆ ಬೇರೆ ಆಟ ಇದೆ. ಅದನ್ನ ಬರೆದರೆ ತಿಳಿಯೋದಿಲ್ಲ, ಕ್ಲಾಸಿಗೇ ಬನ್ನಿ, ತೋರಿಸುತ್ತೇನೆ.

ನಡುವೆ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ವಾಕ್ಯ ಮಾತಾಡಿ ಕಳಿಸಿ ಅಂದಿದ್ದೆವು. ನಡೆಯಲಿಲ್ಲ. ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತೆ. ಬೆಂಗಳೂರಿಗೆ ಗುಳೆ ಹೋದ ಮನೆಯ ಹುಡುಗನೊಬ್ಬ ಮಾತ್ರ ಭಾನುವಾರ ತಪ್ಪದೇ ಕಳಿಸುತ್ತಿದ್ದ. ಅವನ ದನಿಯ ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು ಕೇಳುತ್ತಿತ್ತು. ಅವನ್ನೆಲ್ಲ ಇನ್ನೂ ಇಟ್ಟುಕೊಂಡಿದ್ದೇನೆ.

ಹೋದ ಸಲ ನಮ್ಮ ಹದಿನಾರು ಮಕ್ಕಳು ಎಸ್ಸೆಸ್ಸೆಲ್ಸಿ ಬರೆದರು. ಇಂಗ್ಲಿಷ್‌ನಲ್ಲಿ ಇಬ್ಬರೇ ಫೇಲಾದದ್ದು. ಮುಂಚೆ ಅರ್ಧಕ್ಕರ್ಧ ಫೇಲಾಗುತ್ತಿದ್ದರು. ಒಬ್ಬಳಿಗೆ 100ಕ್ಕೆ 80ರ ಮೇಲೆ ಬಂತು. ಫೇಲಾದ ಇಬ್ಬರೂ ಈಗ ಮತ್ತೆ ಬರುತ್ತಿದ್ದಾರೆ. ಈ ಸೀಸನ್‌ಗೆ ಕ್ಲಾಸನ್ನ ರಾತ್ರಿ ಎಂಟಕ್ಕೆ ಇಟ್ಟಿದ್ದೇವೆ. ಹತ್ತಿ ಬಿಡಿಸಿ, ಉಂಡುಕೊಂಡೇ ಬರಲಿ.